ಒಂಟಿಗೈ ಬಿಲ್ಲಿನ ಉಪಯೋಗಗಳು

ನಾನು ಬದುಕಿನಲ್ಲಿ ಹಿಡಿದಿರುವ ಅತ್ಯಂತ ಭಯಂಕರ ಆಯುಧವೆಂದರೆ ಈಳಿಗೆಮಣೆ. ನನ್ನ ಮೇಲೆ ನಂಬಿಕೆ ಸಾಲದೆ ಅದನ್ನೂ ಹೆಂಡತಿ ಎತ್ತಿಟ್ಟಿದ್ದಾಳೆ. ಆದರೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನೀವು ಕೊಳ್ಳೇಗಾಲದ ನಮ್ಮ ಮನೆಗೆ ಬಂದರೆ ನನ್ನ ಪರಾಕ್ರಮ ಕಂಡು ಬೆಚ್ಚಿಬೀಳುತ್ತೀರಿ. ಆ ಹೊತ್ತಿಗೆ ನಾನು ನಡುಮನೆಯಲ್ಲಿ ಮೂರು ತಲೆಯ ಸರ್ಪವನ್ನು ಕೊಚ್ಚುತ್ತಿರುತ್ತೇನೆ, ಚಾಪೆಯಿಂದ ಏಳದೆ.

ಗಾಬರಿಯಾಗಬೇಡಿ, ಇದೊಂದು ಆಟ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗಿನ ವೀರರೋ ಮಂತ್ರವಾದಿಗಳೋ ಆಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಅದು ಕೈಗೂಡಿತೇ ಇಲ್ಲವೇ ಎಂದು ದಾಳ ತೀರ್ಮಾನಿಸುತ್ತದೆ. ನಮ್ಮಲ್ಲಿ ಕಥೆ ಹೇಳುವವಳು ನನ್ನ ಹೆಂಡತಿ ಶೋಭಾ. ನಾನು ಏನು ಮಾಡಬೇಕೆಂದರೂ ಅವಳ ಅಪ್ಪಣೆ ಬೇಕು, ಆದ್ದರಿಂದ ಆಟ ಕಲಿಯಲು ನನಗೆ ಕಷ್ಟವಾಗಲಿಲ್ಲ. ಮಂತ್ರವಾದಿ, ಯಳಂದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯ ನಂಜುಂಡ. ನಾನು ಖಡ್ಗಧಾರಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಾದ್ದರಿಂದ, ಯಾರೂ ಕೇಳದೆ ಇದ್ದರೂ, ನಿಯಮಪಂಡಿತನೂ ನಾನೇ.

ಈ ಪಾಂಡಿತ್ಯದ ಬಲದಿಂದ ನಾನು ಬಹುಕಾಲ ಖಂಡಿಸುತ್ತ ಬಂದ ವಸ್ತುವೊಂದಿದೆ: ಒಂಟಿಗೈ ಬಿಲ್ಲು. ಮರದ ಹಿಡಿಯ ಮೇಲೆ ಪುಟ್ಟ ಬಿಲ್ಲನ್ನು ಅಡ್ಡಲಾಗಿ ಕೂರಿಸಿರುತ್ತಾರೆ. ಹೆದೆ ಎಳೆದು ಸಿಕ್ಕಿಸಿ, ಬಾಣ ಇಟ್ಟು, ಬಂದೂಕಿನಲ್ಲಿರುವಂಥ ಕುದುರೆ ಒತ್ತಿದರೆ ಹಾರುತ್ತದೆ. ಒಂದೇ ಕೈ ಸಾಕು, ಇನ್ನೊಂದು ಕೈ ಬಿಡುವಾಗಿರುತ್ತದೆ ಎಂದು ಆಟದವರೆಲ್ಲ ಅದನ್ನು ಮುದ್ದಾಡುತ್ತಾರೆ. ಬಿಡುವಾದ ಕೈಯಲ್ಲಿ ಏನು ಮಾಡುವುದು ಸ್ವಾಮಿ? ಬೆನ್ನು ಕೆರೆದುಕೊಳ್ಳುವುದೇ, ಶತ್ರುವಿಗೆ ಟಾಟಾ ಮಾಡುವುದೇ? ಹೊಡೆಯಲು ಒಂದು ಕೈ ಸಾಕು ನಿಜ, ಹೆದೆ ಎಳೆಯುವವರು ಯಾರು? ಹಳೆಯ ಕಾಲದ ಸೈನಿಕರು ಇದೇ ಬಗೆಯ ದೊಡ್ಡ ಬಿಲ್ಲನ್ನು ನೆಲಕ್ಕೆ ಊರಿ, ಕಾಲಲ್ಲಿ ಮೆಟ್ಟಿ, ಎರಡೂ ಕೈಯಲ್ಲಿ ಹೆದೆ ಎಳೆಯುತ್ತಿದ್ದರು. ಇದನ್ನು ನಾನು ವಿವರಿಸಲು ಶುರುಮಾಡಿದಾಗಲೆಲ್ಲ ನಂಜುಂಡನಿಗೆ ಅಂಗಡಿಯಿಂದ ಫೋನು ಬರುತ್ತದೆ. ಭಾನುವಾರ ಅವನ ಅಂಗಡಿಗೆ ರಜೆ.

ಹೀಗಿರುವಾಗ ನಮ್ಮ ಮನೆಗೆ ಮಾವ ಬಂದರು. ಶೋಭಾಳ ತಂದೆ, ಕೌದಳ್ಳಿಯವರು, ಕೊಳ್ಳೇಗಾಲದಿಂದ ಹನೂರಿನ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಆದರೆ ಬಲಗೈ ಹೋಯಿತೆಂಬುದಕ್ಕಿಂತ ಎಡಗೈ ಒಂದೇ ಉಳಿಯಿತೆಂಬುದು ಅವರ ದೊಡ್ಡ ಸಂಕಟ. ನಮ್ಮ ಕಡೆ ಎಡಗೈಗಿರುವ ಮರ್ಯಾದೆ ನಿಮಗೆ ಗೊತ್ತಲ್ಲ. ತಿರುವಿನಲ್ಲಿ ಬಲಗೈಯಿಂದ ಕಂಬಿ ಹಿಡಿದು ಜೋತಾಡುವ ಪ್ರಯಾಣಿಕ ಎಡಗೈಯಲ್ಲಿ ಕಾಸು ಚಾಚಿದರೆ, ‘ಬಲಗೈಗೇನ್ ಬಂದದೆ?’ ಎಂದು ಗದರಿಸುತ್ತಿದ್ದವರು ಇವರೇ. ಆ ಪ್ರಯಾಣಿಕ ಬೀಳಲಿ, ಪರವಾಗಿಲ್ಲ, ಮರ್ಯಾದೆ ಬೀಳಬಾರದು.

ಈಗ ಅವರು ಕೋಣೆಯ ಬಾಗಿಲು ಹಾಕಿಕೊಂಡು, ಗೋಡೆಗೆ ಮುಖಮಾಡಿ ಒಬ್ಬರೇ ಉಣ್ಣುತ್ತಿದ್ದರು. ಯಾರಾದರೂ ನೋಡಲು ಬಂದರೆ ನಿದ್ದೆ ಬಂದವರಂತೆ ಮಲಗಿಬಿಡುತ್ತಿದ್ದರು. ಅಪ್ಪ ಮತ್ತೆ ನಾಲ್ಕು ಜನರ ಜತೆ ಕೂತು ಉಣ್ಣಲಿ ಎಂಬುದಷ್ಟೇ ಶೋಭಾಳ ಆಸೆ. ಅವಳು ಗೋಗರೆದಳು, ಜಗಳವಾಡಿದಳು, ಚಮಚ ತಂದುಕೊಟ್ಟಳು. ಚಮಚ ಹಿಡಿಯುವುದೂ ಅದೇ ಕೈಯಲ್ಲವೇ ಎಂದು ಮಾವ ಅದನ್ನು ವಾಪಸು ಕಳಿಸಿದರು.

ಒಂದು ಭಾನುವಾರ ನಾವು ಸರ್ಪದ ಗುಹೆಯೊಳಗಿದ್ದಾಗ ಕೋಣೆಯಿಂದ ಮಾವನ ದನಿ ಬಂತು. “ಮುಂದ್ಕೇ ನೋಡ್ಕಂಡು ಓಯ್ತಾ ಇದ್ದೀರಲ್ಲ, ಇಂದ್ಗಡಿಂದ ಬಂದ್ರೆ ಏನ್ ಮಾಡೀರಿ?” ಸರ್ಪ ಹಿಂದಿನಿಂದಲೇ ಬಂತು. ಶೋಭಾ ಆ ಕ್ಷಣವೇ ಹಾಗೆ ನಿರ್ಧರಿಸಿದಳೆಂದು ನನ್ನ ಗುಮಾನಿ. ಮಾವ ಹೊರಗೆ ಬಂದು ಕುರ್ಚಿಯಲ್ಲಿ ಕೂತರು. ಅವಳು ತಡಮಾಡದೆ ಅವರನ್ನೂ ವೀರನನ್ನಾಗಿ ಮಾಡಿ, ಯಾವ ಆಯುಧ ಬೇಕೆಂದು ಕೇಳಿದಳು.

“ಒಂದ್ ಕೈಲಿ ಒಡೆಯೋದು ಯಾವುದವ್ವ ಇದ್ದದು?”

“ಒಂಟಿಗೈ ಬಿಲ್ಲು ಅದೆ ಕಣಪ್ಪ.”

ಆಗ ಪಂಡಿತ ಬಾಯಿ ತೆರೆದ. “ಅದು ಬೇಡ ಮಾವ, ಕೆಲಸಕ್ಕೆ ಬಾರದ್ದು. ಎರಡು ಕೈ ನೆಟ್ಟಗಿಲ್ಲದವನಿಗೆ ಬಾಣ ತುಂಬಕ್ಕಾಗಲ್ಲ.”

ನಂಜುಂಡ ಫ್ಯಾನಿನ ಕಡೆ ನೋಡಿದ. ಶೋಭಾ ನನ್ನ ಕಡೆ ನೋಡಿದಳು. ಆ ನೋಟದ ಮುಂದೆ ಸರ್ಪ ಪಾಪದ ಪ್ರಾಣಿ. “ಅದೂ ದಿಟವೇ ಬುಡಿ,” ಎಂದು ಮಾವ ಎದ್ದು ಕೋಣೆಯತ್ತ ತಿರುಗಿದರು. ನನಗೆ ನನ್ನ ನಾಲಗೆಯ ಮೇಲೆ ಆದಷ್ಟು ಸಿಟ್ಟು ಯಾವತ್ತೂ ಆಗಿರಲಿಲ್ಲ.

“ಸರ್ಪ ನಂಜುಂಡನ ಕಾಲು ಸುತ್ಕತು ಕಣಪ್ಪ,” ಎಂದಳು ಶೋಭಾ, ಅವರ ಬೆನ್ನಿಗೆ. “ಎಳ್ಕಂಡು ಓಯ್ತಾ ಅದೆ.”

ಮಾವ ನಿಂತರು. ಹತ್ತಿದ ಪ್ರಯಾಣಿಕನನ್ನು ದಾರಿಯಲ್ಲಿ ಬಿಟ್ಟು ಹೋದ ಕಂಡಕ್ಟರಲ್ಲ ಅವರು. ತಿರುಗಿ ಬಂದು ಕುರ್ಚಿಯ ಮೇಲಲ್ಲ, ಚಾಪೆಯ ಮೇಲೆ, ನನ್ನ ಪಕ್ಕದಲ್ಲೇ ಕೂತರು. “ಡ್ರೈವರ್ ಒಬ್ನೇ ಬಸ್ ಓಡಿಸ್ತಿದ್ನಾ? ನಾನು ರೈಟ್ ಅನ್ಬೇಕಾಗಿತ್ತು. ಅಳಿಮಯ್ಯ, ನೀವು ತುಂಬ್ಕೊಡಿ, ನಾನ್ ಒಡಿತೀನಿ.”

ಎಷ್ಟೋ ಯುದ್ಧಗಳ ಖಡ್ಗಧಾರಿ ಹೀಗೆ ಬಾಣ ತುಂಬುವ ಆಳಾದ. ತುಂಬಬೇಕಾದರೆ ಬಿಲ್ಲು ನನ್ನ ಕೈಗೆ ಬರಬೇಕಲ್ಲ, ಮಾವ ಎಡಗೈ ಚಾಚಿದವರು ಅರ್ಧಕ್ಕೇ ತಡೆದರು. ಕೈಯಲ್ಲಿ ಇದ್ದದ್ದು ಬರೀ ಗಾಳಿ. ಇಲ್ಲದ ಬಿಲ್ಲನ್ನು ಎಡಗೈಯಲ್ಲಿ ಕೊಡಲು ನಾಚಿ ಹಿಂದೆಗೆಯುವವರು ನಮ್ಮ ಸೀಮೆಯಲ್ಲಲ್ಲದೆ ಬೇರೆಲ್ಲಿ ಸಿಕ್ಕಾರು? “ಎಡಗೈಲಿ ಎಂಗ್ ಕೊಡದು ಅಳಿಮಯ್ಯ?” ಎಂದರು ಮೆಲ್ಲಗೆ.

ನಾನು ಎರಡೂ ಕೈ ಒಡ್ಡಿ ಆ ಗಾಳಿಯನ್ನು ಈಸಿಕೊಂಡೆ, ಕಾಲಲ್ಲಿ ಮೆಟ್ಟಿ ಹೆದೆ ಎಳೆಯುವಂತೆ ಮಾಡಿದೆ, ಬಾಣವಿಟ್ಟು ವಾಪಸು ಕೊಟ್ಟೆ. ಅಷ್ಟು ಪುಟ್ಟ ಬಿಲ್ಲಿಗೆ ಕಾಲು ಬೇಕಿಲ್ಲ, ಆದರೆ ವಿದ್ಯೆ ಎಲ್ಲಾದರೂ ಒಂದು ಕಡೆ ಖರ್ಚಾಗಬೇಕಲ್ಲ. ಮಾವ ಎಡಗೈಯಲ್ಲೇ ದಾಳ ಎಸೆದರು. ಒಂದು ತಲೆ ಉರುಳಿತು. “ರೈಟ್!” ಎಂದು ಕೂಗಿದರು, ಬೀದಿಗೆ ಕೇಳುವಂತೆ. ಮತ್ತೆ ಬಿಲ್ಲು ಚಾಚಿದರು, ಈ ಸಲ ತಡೆಯಲಿಲ್ಲ.

ಎರಡನೆಯ ತಲೆ ಉರುಳುವ ಹೊತ್ತಿಗೆ ನಡುವೆ ಖಾರದ ಕಡ್ಲೆಪುರಿಯ ತಟ್ಟೆ ಬಂದಿತ್ತು. ಮಾವನ ಕಣ್ಣು ದಾಳದ ಮೇಲಿತ್ತು, ಕೈ ತಟ್ಟೆಯಲ್ಲಿತ್ತು. ನಮ್ಮೆಲ್ಲರ ಜತೆ, ಒಂದೇ ತಟ್ಟೆಯಿಂದ, ಎಡಗೈಯಲ್ಲಿ ತಿನ್ನುತ್ತಿದ್ದರು. ನಂಜುಂಡನಿಗೂ ಒಂದು ಹಿಡಿ ತೆಗೆದುಕೊಟ್ಟರು. ಮೂರನೆಯ ತಲೆಯೂ ಬಿತ್ತು. ಅಲ್ಲಿಗೆ ಆಟ ಮುಗಿಯಬೇಕು, ಮಾವ ಎದ್ದು ಕೋಣೆಗೆ ಹೋಗಬೇಕು.

ಶೋಭಾ ತಟ್ಟೆಯ ಕಡೆ ಒಮ್ಮೆ ನೋಡಿ, “ಇನ್ನೊಂದು ತಲೆ ಮೊಳೀತು,” ಎಂದಳು.

ಮೂರು ತಲೆಯ ಸರ್ಪಕ್ಕೆ ನಾಲ್ಕನೆಯ ತಲೆ ಮೊಳೆಯಲು ನಿಯಮದಲ್ಲಿ ಅವಕಾಶವೇ ಇಲ್ಲ. ಯಾವ ಪುಟದಲ್ಲಿ ಇಲ್ಲ ಎಂದೂ ನಾನು ಹೇಳಬಲ್ಲೆ. ಹೇಳಲಿಲ್ಲ. ಎರಡೂ ಕೈ ಒಡ್ಡಿ ಬಿಲ್ಲು ಈಸಿಕೊಂಡೆ.