ಹಿಂದಿನ ಸಾಲಿನ ಹಸಿರು ಬಟ್ಟಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಸಾಬೂನು ಗೋದಾಮಿನ ಹಿಂದಿನ ಅಂಗಳದಲ್ಲಿ ಒಬ್ಬ ಹೆಂಗಸು ಮಣ್ಣಿನ ಪಾತ್ರೆ ಸುಡುವ ಆವಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇಟ್ಟಿಗೆ ಬಾಗಿಲಿನ ಇಣುಕುಕಿಂಡಿಗೆ ಟಾರ್ಚು ಹಿಡಿದಿದ್ದಾಳೆ. ಬೆಂಕಿ ಆರಿಸಿ ಎರಡು ರಾತ್ರಿ ಕಳೆದರೂ ಒಳಗಿನ ಬಿಸಿ ಮುಖಕ್ಕೆ ರಾಚುತ್ತಿದೆ. ಕಿಂಡಿಯಲ್ಲಿ ಕಾಣುವುದು ಒಂದು ದೊಡ್ಡ ಗುಡಾಣದ ಹೆಗಲು ಮಾತ್ರ. ಆಕೆ ಹುಡುಕುತ್ತಿರುವುದು ಅದರ ಹಿಂದೆ ಇರುವುದನ್ನು. ಟಾರ್ಚನ್ನು ಹೇಗೆ ಓರೆ ಮಾಡಿದರೂ ಅದು ಕಣ್ಣಿಗೆ ಬೀಳುತ್ತಿಲ್ಲ.

ವರ್ಷಕ್ಕೊಮ್ಮೆ ಈ ಸುತ್ತಿನ ಬೀದಿಗಳ ಕಲಾವಿದರೆಲ್ಲ ತಮ್ಮ ಕೆಲಸದ ಕೋಣೆಗಳ ಬಾಗಿಲನ್ನು ಊರಿಗೆ ತೆರೆದಿಡುತ್ತಾರೆ. ಜನ ಕೈಯಲ್ಲೊಂದು ನಕ್ಷೆ ಹಿಡಿದು ಅಲೆದು, ನೇಯುವವರನ್ನೂ ಕೆತ್ತುವವರನ್ನೂ ಹತ್ತಿರದಿಂದ ನೋಡುತ್ತಾರೆ. ಇಂದೇ ಆ ದಿನ. ಈ ಸಲ ನಕ್ಷೆಯಲ್ಲಿ ಮೊದಲ ಜಾಗ ಇದೇ ಅಂಗಳ. ಹತ್ತು ಗಂಟೆಗೆ ಎಲ್ಲರ ಕಣ್ಣೆದುರೇ ಆವಿಗೆ ತೆರೆಯಬೇಕು. ಒಳಗೆ ಏಳು ಮಂದಿಯ ಪಾತ್ರೆಗಳಿವೆ, ನಕ್ಷೆಯಲ್ಲಿ ಆ ಏಳು ಮಂದಿಯ ಫೋಟೋ ಇದೆ. ಅವನ್ನೆಲ್ಲ ಜೋಡಿಸಿ ಬೇಯಿಸಿದವಳ ಫೋಟೋ ಇಲ್ಲ. ಆಕೆಯನ್ನು ಎಲ್ಲರೂ ಕರೆಯುವುದು ಬೆಂಕಿಯಕ್ಕ ಎಂದು.

"ಹೆಸರು ಬಂದಿದ್ದು ಕೆಲಸದಿಂದ. ಸಿಟ್ಟು ಆಮೇಲೆ ಸೇರ್ಕೊಳ್ತು," ಎಂದು ತಮಾಷೆ ಮಾಡುವವರು ಆಕೆಯ ಗಂಡ, ಬೀದಿಯ ತುದಿಯಲ್ಲಿ ಅಂಗಡಿ ಇಟ್ಟಿರುವ ದರ್ಜಿ.

ಬೆಂಕಿಯಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಒಂದು ದಿನ ಆವಿಗೆ ನೋಡಿಕೊಳ್ಳುತ್ತಿದ್ದವನು ಉರಿಯುವ ಬೆಂಕಿಯನ್ನು ಅರ್ಧಕ್ಕೆ ಬಿಟ್ಟು ಹೇಳದೆ ಕೇಳದೆ ಕಂಬಿ ಕಿತ್ತ. ಇಲ್ಲಿನ ಹಿರಿಯ ಕುಂಬಾರರಾದ ಮೇಷ್ಟ್ರು ಅಂದು ಜ್ವರದಲ್ಲಿ ಮಲಗಿದ್ದರು. ಅವರು ಫೋನಿನಲ್ಲಿ ಹೇಳುತ್ತಾ ಹೋದರು, ಪೊರಕೆ ಕೆಳಗಿಟ್ಟ ಈಕೆ ಗ್ಯಾಸಿನ ತಿರುಪು ತಿರುಗಿಸುತ್ತಾ ಹೋದಳು. ಅಂದಿನಿಂದ ಈ ಬೆಂಕಿ ಆಕೆಯ ಕೊರಳಿಗೆ ಬಿದ್ದಿದೆ. ತಿಂಗಳಿಗೆ ಎರಡು ಸಲ ಆವಿಗೆ ತುಂಬಬೇಕು, ಸಲಕ್ಕೆ ಇನ್ನೂರು ಪಾತ್ರೆ. ಮುಂಗೈ ತುಂಬಾ ಸುಟ್ಟ ಕಲೆಗಳಿವೆ. ಹುಬ್ಬಂತೂ ಬಿಸಿಗೆ ಸುಟ್ಟು ನಿಲ್ಲುವುದೇ ಇಲ್ಲ. "ಮದುವೆಮನೆಗೆ ಹೋಗೋದಿದ್ರೆ ಪೆನ್ಸಿಲಲ್ಲಿ ಬರ್ಕೊಳ್ತೀನಿ. ಒಂದ್ಸಲ ಒಂದು ಮೇಲೆ ಒಂದು ಕೆಳಗೆ ಆಗ್ಬಿಟ್ಟಿತ್ತು. ಊಟ ಮುಗಿಯೋವರೆಗೂ ಯಾರೂ ಬಾಯಿ ಬಿಡ್ಲಿಲ್ಲ ನೋಡಿ."

ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಪಾತ್ರೆಗೆ ಬಳಿಯುವ ಲೇಪ ಬೆಂಕಿಯಲ್ಲಿ ಕರಗಿ ಗಾಜಾಗುತ್ತದೆ. ಹಾಗಾಗಿ ಒಳಗಿಡುವ ಮುನ್ನ ಪ್ರತಿ ಪಾತ್ರೆಯ ಪಾದವನ್ನು, ಅಂದರೆ ಅಡಿಯ ಅಂಚನ್ನು, ಒದ್ದೆ ಸ್ಪಂಜಿನಿಂದ ಒರೆಸಿ ಲೇಪ ತೆಗೆಯಬೇಕು. ಮರೆತರೆ ಪಾತ್ರೆ ಕೂತ ಕಲ್ಲುಹಲಗೆಗೇ ಅಂಟುತ್ತದೆ, ಲೇಪ ದಪ್ಪವಿದ್ದರೆ ಹರಿದುಹೋಗಿ ಪಕ್ಕದ್ದನ್ನೂ ಹಿಡಿಯುತ್ತದೆ. ಇಷ್ಟು ವರ್ಷಗಳಲ್ಲಿ ಆಕೆ ಒಂದು ಪಾದವನ್ನೂ ಮರೆತವಳಲ್ಲ.

ಈ ಸಲ ಮರೆತಿದ್ದಾಳೆ. ಅದೂ ತನ್ನದೇ ಪಾತ್ರೆಯದನ್ನು.

"ಊರೋರದ್ದೆಲ್ಲ ಬೇಯಿಸ್ತೀಯ, ನಿಂದು ಅಂತ ಒಂದು ಬಟ್ಟಲಿಲ್ವಲ್ಲೇ," ಎಂದು ಗಂಡ ಛೇಡಿಸುತ್ತಲೇ ಇದ್ದರು. ಮಾತು ನಾಟಿತು. ಎಲ್ಲರೂ ಮನೆಗೆ ಹೋದ ಮೇಲೆ ಆಕೆ ತಿರುಗುವ ತಿಗರಿಯ ಮುಂದೆ ಕೂತು ಮಣ್ಣು ಎತ್ತುವುದನ್ನು ಕಲಿತಳು. ಕೆಡಿಸಿದ್ದು ಎಷ್ಟೋ, ನಿಂತದ್ದು ಒಂದು. ಅದಕ್ಕೆ ದಪ್ಪಗೆ ಹಸಿರು ಲೇಪ ಬಳಿದು, ಆವಿಗೆ ತುಂಬುವಾಗ ಕೈಯಲ್ಲಿ ಹಿಡಿದಿದ್ದಳಷ್ಟೇ, ಹೊರಗೆ ಯಾರದೋ ಹೆಜ್ಜೆ ಸದ್ದು. ಕದ್ದ ಮಾಲಿನಂತೆ ಅದನ್ನು ಗುಡಾಣದ ಹಿಂದಕ್ಕೆ ತಳ್ಳಿಬಿಟ್ಟಳು. ಸ್ಪಂಜಿನ ನೆನಪಾದದ್ದು ಇವತ್ತು ಬೆಳಿಗ್ಗೆ, ಅದೇ ಸ್ಪಂಜನ್ನು ಹಿಂಡುವಾಗ.

ಗುಡಾಣ ಬೇರೆ ಯಾರದೇ ಆಗಿದ್ದರೂ ಕಷ್ಟವೇ. ಆದರೆ ಅದು ಮೇಷ್ಟ್ರದು. ಅವರ ಕೈ ಈಗ ನಡುಗುತ್ತದೆ. ಇಷ್ಟು ದೊಡ್ಡದನ್ನು ಇನ್ನು ಎತ್ತಲಾರೆ, ಇದೇ ಕೊನೆಯದು ಎಂದು ಅವರೇ ಹೇಳಿದ್ದಾರೆ. ಜನ ಬರುತ್ತಿರುವುದೂ ಅದನ್ನು ನೋಡಲು.

ಎಂಟು ಗಂಟೆಗೆ ಹೂಜಿ ಮಾಡುವ ಹುಡುಗಿ ಚಹಾ ತಂದು, "ಯಾಕಕ್ಕ, ಮುಖ ಹೀಗಿದೆ?" ಎನ್ನುತ್ತಾಳೆ. "ಮುಖಕ್ಕೇನಾಗಿದೆ? ಯಾರೇನಂದ್ರು?" ಎಂದು ಬೆಂಕಿಯಕ್ಕ ಗದರುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಚಹಾ ಲೋಟದಲ್ಲೇ ಆರುತ್ತದೆ.

ಗೇಟಿನ ಬಳಿ ಜನ ಸೇರತೊಡಗಿದಾಗ ಆಕೆ ಮೇಷ್ಟ್ರನ್ನು ಗೋಡೆಯ ಮರೆಗೆ ಕರೆದು ಎಲ್ಲ ಹೇಳಿಬಿಡುತ್ತಾಳೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾರೆ. ಮತ್ತೆ ಒರೆಸುತ್ತಾರೆ.

"ಕೇಳಿದ್ರೆ ನಾನು ಬೇಡ ಅಂತಿದ್ನೇನಮ್ಮಾ?"

"ಅಂತಿರ್ಲಿಲ್ಲ. ನನಗೇ ಕೇಳೋಕೆ ನಾಚಿಕೆ ಆಯ್ತು, ಮೇಷ್ಟ್ರೇ. ಬೇಕಾದ್ರೆ ಇವತ್ತು ತೆರೆಯೋದು ಬೇಡ, ಇನ್ನೂ ಆರಿಲ್ಲ ಅಂತ ಹೇಳೋಣ."

"ಸುಳ್ಳು ಬೇಡ. ತೆಗಿ."

ಹತ್ತಕ್ಕೆ ಸರಿಯಾಗಿ ಇಟ್ಟಿಗೆಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಜನ ಫೋನು ಎತ್ತಿ ಹಿಡಿದಿದ್ದಾರೆ. ಗುಡಾಣ ಮೊದಲು ಹೆಗಲು, ಆಮೇಲೆ ಹೊಟ್ಟೆ ತೋರಿಸುತ್ತದೆ. ಬೂದುನೀಲಿ ಬಣ್ಣ, ಎಲ್ಲೂ ಒಂದು ಬಿರುಕಿಲ್ಲ. ಅಂಗಳದಲ್ಲಿ ಚಪ್ಪಾಳೆ ಕೇಳುತ್ತದೆ. ಮುಂದಿನ ಪಾತ್ರೆಗಳನ್ನೆಲ್ಲ ಹೊರಗಿಟ್ಟು, ದಪ್ಪ ಕೈಗವಸು ತೊಟ್ಟ ಬೆಂಕಿಯಕ್ಕ ಗುಡಾಣವನ್ನು ತಬ್ಬಿ ಎತ್ತುತ್ತಾಳೆ. ಅದು ಮಿಸುಕುವುದಿಲ್ಲ. ಬಗ್ಗಿ ನೋಡಿದರೆ, ಬಟ್ಟಲಿನ ಅಡಿಯಿಂದ ಹೊರಟ ಹಸಿರು ಗಾಜಿನ ನಾಲಿಗೆ ಹಲಗೆಯ ಮೇಲೆ ಹರಿದು ಬಂದು ಗುಡಾಣದ ಪಾದವನ್ನು ಕಚ್ಚಿಕೊಂಡಿದೆ.

ಚಪ್ಪಾಳೆ ನಿಲ್ಲುತ್ತದೆ. ಮೇಷ್ಟ್ರು ಉಳಿ, ಸುತ್ತಿಗೆ ತರಿಸಿ ತಾವೇ ಹಿಡಿಯುತ್ತಾರೆ. ಕೈ ನಡುಗುತ್ತದೆ. ಒಂದು ಗಳಿಗೆ ಅದನ್ನೇ ನೋಡಿ, ಎರಡನ್ನೂ ಆಕೆಗೆ ಕೊಡುತ್ತಾರೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ನಿಮಿಷವೂ ಬೇಕಿಲ್ಲ. ಗುಡಾಣದ ಕಡೆಯಿಂದ ಬಡಿದರೆ ಬಟ್ಟಲು ಉಳಿದೀತು, ಗುಡಾಣ ಸೀಳೀತು. ಬೆಂಕಿಯಕ್ಕ ಆ ಲೆಕ್ಕ ಹಾಕಲು ನಿಲ್ಲುವುದಿಲ್ಲ. ಉಳಿಯನ್ನು ಬಟ್ಟಲಿನ ಬುಡಕ್ಕೇ ಕೊಟ್ಟು ಒಂದು ಏಟು ಹಾಕುತ್ತಾಳೆ. ಬಟ್ಟಲು ಎರಡು ಹೋಳಾಗುತ್ತದೆ. ಇನ್ನೊಂದು ಸಣ್ಣ ಏಟಿಗೆ ಗಾಜಿನ ನಾಲಿಗೆ ತುಂಡಾಗುತ್ತದೆ. ಗುಡಾಣ ಆಕೆಯ ತೋಳಿಗೆ ಬರುತ್ತದೆ, ಪೂರ್ತಿಯಾಗಿ, ಪಾದದಲ್ಲಿ ಉಗುರಿನಷ್ಟು ಹಸಿರು ಅಂಟಿಸಿಕೊಂಡು.

ಗುಂಪಿನಲ್ಲಿದ್ದ ದರ್ಜಿ ಕೊರಳಿನ ಟೇಪನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಾರೆ.

"ಈ ಹಸಿರನ್ನ ಉಜ್ಜಿ ತೆಗೀತೀನಿ, ಮೇಷ್ಟ್ರೇ. ಗೊತ್ತೇ ಆಗಲ್ಲ," ಎನ್ನುತ್ತಾಳೆ ಆಕೆ.

"ಮುಟ್ಬೇಡ ಅದನ್ನ," ಎನ್ನುತ್ತಾರೆ ಮೇಷ್ಟ್ರು. ಮೇಜಿನ ಮೇಲೆ ಗುಡಾಣವನ್ನು ಆ ಕಲೆ ಜನರಿಗೆ ಕಾಣುವ ಹಾಗೆ ಅವರೇ ತಿರುಗಿಸಿ ಇಡುತ್ತಾರೆ. ಇದೇನು ಎಂದು ಯಾರಾದರೂ ಕೇಳಿದರೆ, "ಅದು ನಂದಲ್ಲ, ಅವಳದು. ಅವಳನ್ನೇ ಕೇಳಿ," ಎಂದು ಬೆರಳು ತೋರಿಸುತ್ತಾರೆ. ದಿನವಿಡೀ ಜನ ಕೇಳುತ್ತಾರೆ. ಮೊದಮೊದಲು ತಲೆತಗ್ಗಿಸಿ ಹೇಳುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ಕೈ ಆಡಿಸಿ ಆಡಿಸಿ ಹೇಳುತ್ತಿದ್ದಾಳೆ.

ಸಂಜೆ ಅಂಗಳ ಖಾಲಿಯಾಗಿದೆ. ಬಟ್ಟಲಿನ ಹೋಳುಗಳನ್ನು ದರ್ಜಿ ಹೊಸ ಬಟ್ಟೆಯ ತುಂಡಿನಲ್ಲಿ ಸುತ್ತಿ ಮನೆಗೆ ಒಯ್ದಿದ್ದಾರೆ. ಬೆಂಕಿಯಕ್ಕ ಹಲಗೆಗೆ ಅಂಟಿದ ಗಾಜನ್ನು ಕೆರೆಯುತ್ತಾ ಕೂತಿದ್ದಾಳೆ. ಮತ್ತೆ ಬಟ್ಟಲು ಮಾಡುತ್ತೀರಾ ಎಂದು ಕೇಳಿದರೆ, ಕೈ ನಿಲ್ಲಿಸದೆ ಹೇಳುತ್ತಾಳೆ:

"ಮಾಡ್ದೆ ಇರ್ತೀನಾ? ಈ ಸಲ ಕೇಳಿ ಇಡ್ತೀನಿ, ಪಾದ ಒರೆಸಿ ಇಡ್ತೀನಿ. ಆದ್ರೆ ಹಿಂದೆ ಇಡಲ್ಲ. ಮುಂದಿನ ಸಾಲಲ್ಲೇ ಇಡ್ತೀನಿ."