ನೀಲಿ ಟಬ್ಬಿನ ಗಂಡುಮರಿಗಳು

ಹೇಂಟೆಯ ದನಿ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ನರೇಗಲ್‌ನಲ್ಲಿ ಇಲ್ಲ. (ನಿಜವಾದ ಹೇಂಟೆಗಳನ್ನು ಬಿಟ್ಟರೆ.) ಕಳೆದ ವಾರ ಆ ಹೆಮ್ಮೆ ಇಳಿಯಿತು.

ಅತ್ತೆಗೆ ಸಾಕಲು ಇಪ್ಪತ್ತು ಹೆಣ್ಣು ಕೋಳಿಮರಿ ಬೇಕಿತ್ತು. ಗಜೇಂದ್ರಗಡ ರಸ್ತೆಯಲ್ಲಿ ಮೊಟ್ಟೆಯಿಂದ ಮರಿ ಮಾಡಿಸಿ ಮಾರುವ ಹ್ಯಾಚರಿಗೆ ಹೋದೆವು. ಅಲ್ಲಿ ಕೆಲಸ ಮಾಡುವ ರಜಿಯಾಬಿ ಅಂದೇ ಹೊರಬಂದ ಮರಿಗಳ ರೆಕ್ಕೆ ಬಿಡಿಸಿ ನೋಡುತ್ತಿದ್ದರು. ಗರಿ ಉದ್ದ-ಗಿಡ್ಡ ಇದ್ದರೆ ಹೆಣ್ಣು, ಬುಟ್ಟಿಗೆ. ಸಮ ಇದ್ದರೆ ಗಂಡು, ನೀಲಿ ಟಬ್ಬಿಗೆ.

“ಟಬ್ಬಿನ್ಯಾಗಿನವು ಎಲ್ಲಿಗಿ ಹೋಗ್ತಾವ್ರಿ?” ಅಂತ ಅವರನ್ನು ಕೇಳಿದೆ.

“ಎಲ್ಲಿಗೂ ಇಲ್ಲಪ. ಮುಚ್ಚಳ ಹಾಕ್ತಾರ, ಉಸಿರುಗಟ್ಟತಾವ.”

ಏನು ಹೇಳಬೇಕೋ ತಿಳಿಯದಾಗ ನಾನು ಮಿಮಿಕ್ರಿ ಮಾಡುತ್ತೇನೆ. ಹೇಂಟೆ ಕಾಳು ಕಂಡು ಮರಿಗಳನ್ನು ಕರೆಯುವ ದನಿ ತೆಗೆದೆ. ಟಬ್ಬಿನ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ನನ್ನ ಕಡೆಗೇ ನುಗ್ಗಿದವು.

ರಜಿಯಾಬಿಯ ಕೈ ನಿಂತಿತು. “ಕರೀಬ್ಯಾಡೋ ತಮ್ಮಾ. ಹುಟ್ಟಿದಾಗಿಂದ ಅವನ್ನ ಯಾರೂ ಕರದಿಲ್ಲ.”

ಪಕ್ಕದಲ್ಲೇ ನಿಂತಿದ್ದ ಹ್ಯಾಚರಿ ಮಾಲೀಕರು ಮಾತ್ರ ನಕ್ಕರು. “ಗಂಡು ತತ್ತಿ ಇಡಂಗಿಲ್ಲ. ಈ ಜಾತಿ ಮೈನೂ ತುಂಬಂಗಿಲ್ಲ. ಇಟ್ಕೊಂಡು ಏನ್ ಮಾಡೂದು?”

“ನಾನೂ ತತ್ತಿ ಇಡಂಗಿಲ್ರಿ, ಮೈನೂ ತುಂಬಿಲ್ಲ. ನಮ್ಮವ್ವ ಇಟ್ಕೊಂಡಾಳಲ್ರಿ?”

“ಆಕಿಗೆ ಬ್ಯಾರೆ ದಾರಿ ಇಲ್ಲ,” ಅಂದರು ಅತ್ತೆ.

ಮಾಲೀಕರು ಸಮಾಧಾನ ಹೇಳಿದರು. “ಹೊರದೇಶದಾಗ ಮಷಿನ್ ಬಂದಾವಪ. ತತ್ತಿಯೊಳಗ ಗಂಡೋ ಹೆಣ್ಣೋ ನೋಡ್ತಾವ. ಗಂಡಿದ್ರ ಮರಿ ಆಗೂಕಿಂತ ಮೊದಲ ತೆಗದು ಒಗಿಯೂದು. ನಮ್ಮಲ್ಲಿ ಬಂತಂದ್ರ ಈ ಚಿಂವ್ ಚಿಂವ್ ಕಿರಿಕಿರಿ ಇರಂಗಿಲ್ಲ.”

ಕಿರಿಕಿರಿ! ಮೊಟ್ಟೆಯೊಳಗಿನ ಜೀವಕ್ಕೆ ನೋವು ತಿಳಿಯುವ ಮೊದಲೇ ನೋಡುವ ಯಂತ್ರವಾದರೆ ಬರಲಿ, ನಾನೇ ಹಾರ ಹಾಕುತ್ತೇನೆ. ಆದರೆ ಎಷ್ಟನೇ ದಿನಕ್ಕೆ ನೋಡುತ್ತದೆ? ಕೇಳಿದೆ. “ಅದೆಲ್ಲ ಕಂಪನಿಯವ್ರಿಗೆ ಗೊತ್ತು,” ಅಂದರು. ಅಲ್ಲಿಯವರೆಗೆ ಹುಟ್ಟುವ ಗಂಡುಗಳು?

“ಈ ಟಬ್ಬು ನನಗ ಕೊಡ್ರಿ,” ಅಂದೆ.

“ಹೊರಗ ಕೊಡೂದು ರೂಲ್ಸ್‌ನ್ಯಾಗ ಇಲ್ಲ. ಸುಮ್ನ ನಿಂತೀದಿ, ಆ ಮುಚ್ಚಳ ಹಾಕು.”

ನಾನು ಹಾಕಲಿಲ್ಲ. (ದೊಡ್ಡ ಶೌರ್ಯವೇನಲ್ಲ. ನನ್ನ ಕೈಯಲ್ಲಿ ಅತ್ತೆಯ ಇಪ್ಪತ್ತು ಮರಿಗಳ ಪೆಟ್ಟಿಗೆ ಇತ್ತು. ನಾವೂ ಗಂಡು ಬೇಡ ಅಂತಲೇ ಬಂದವರು.) ಮಾಲೀಕರೇ ಹಾಕಿದರು. ಒಳಗಿನ ಸದ್ದು ಸಣ್ಣದಾಯಿತು.

“ನೋಡು, ಈಗ ಶಾಂತ ಆತು,” ಅಂದರು.

ಹಾಗಾದರೆ ಆ ಯಂತ್ರ ಬರಬೇಕಿರುವುದು ಮರಿಗೆ ನೋವಾಗಬಾರದು ಅಂತಲೋ, ನಮಗೆ ಕೇಳಿಸಬಾರದು ಅಂತಲೋ?