ದೊಡ್ಡಮ್ಮನ ಅರ್ಧ ಗಂಟೆ

ಇವತ್ತು ಮೊಮ್ಮಗಳು ಮಣಿಪಾಲದಿಂದ ಬರುವಾಗ ಒಣ ಆಪ್ರಿಕಾಟಿನ ಪೊಟ್ಟಣ ತಂದಳು. ಬಿಚ್ಚಿದ್ದೇ ತಡ, ಹುಳಿ ಬೆರೆತ ಆ ಸಿಹಿ ವಾಸನೆಗೆ ನನ್ನ ಕಣ್ಣು ತಾನಾಗಿ ಗೋಡೆಯ ಗಡಿಯಾರದ ಕಡೆ ಹೋಯಿತು. ಹಣ್ಣಿಗೂ ಗಡಿಯಾರಕ್ಕೂ ಎಂತ ಸಂಬಂಧ ಎಂದು ಕೇಳುತ್ತೀರಾ? ಉಂಟು, ಸ್ವಲ್ಪ ಕುಳಿತುಕೊಳ್ಳಿ.

ಈ ಗಡಿಯಾರ ಕಾಪುವಿನ ನನ್ನ ದೊಡ್ಡಮ್ಮನದು. ಎಂಬತ್ತರ ದಶಕದ ಮೊದಲಿಗೆ ಅವರ ಮಗಳು ಸುಲೋಚನಕ್ಕ ಡಾಕ್ಟರಿಕೆ ಓದಲು ಕಿರ್ಗಿಸ್ತಾನದ ಫ್ರುಂಜೆ ನಗರಕ್ಕೆ ಹೋದಳು. ಆಗ ಅದು ಸೋವಿಯತ್ ದೇಶದ ಒಂದು ಮೂಲೆ; ನಮ್ಮ ಬಾಯಲ್ಲಿ ಬರೀ ರಷ್ಯಾ. "ಹೋದವಳು ನಮ್ಮವಳಾಗಿ ಉಳಿಯುತ್ತಾಳಾ?" ಎಂದು ಸೋದರಮಾವ ಸಿಡುಕಿದರು. ಹೋಗು ಎಂದವರು ದೊಡ್ಡಮ್ಮ ಒಬ್ಬರೇ. ಹಾಗಾಗಿ ಹೆದರಿಕೆಯೂ ಅವರೊಬ್ಬರ ಪಾಲಿಗೇ ಬಂತು.

"ಅಲ್ಲಿಗೂ ಇಲ್ಲಿಗೂ ಹೊತ್ತು ಎಷ್ಟು ವ್ಯತ್ಯಾಸ?" ಎಂದು ಅವರು ನನ್ನನ್ನು ಕೇಳಿದರು. ಪೆರ್ಡೂರಿನಾಚೆ ಕಾಲಿಡದ ನಾನು ಭೂಗೋಳ ಪಂಡಿತೆಯ ಗತ್ತಿನಲ್ಲಿ, "ಅವರು ಅರ್ಧ ಗಂಟೆ ಮುಂದೆ" ಎಂದೆ.

"ಇಷ್ಟೆಯಾ? ಉಡುಪಿ ಬಸ್ಸಿಗೂ ಅಷ್ಟು ಹೊತ್ತು ಬೇಕಲ್ಲ!"

"ನಡುವೆ ಹಿಮಾಲಯ ಉಂಟು ದೊಡ್ಡಮ್ಮ."

"ಇರಲಿ ಮಾರಾಯ್ತಿ. ಹೊತ್ತಿಗೆ ಗುಡ್ಡೆ ಅಡ್ಡ ಬರುತ್ತದಾ?"

ಅಂದೇ ಗಡಿಯಾರದ ಮುಳ್ಳು ಅರ್ಧ ಗಂಟೆ ಮುಂದೆ ಹೋಯಿತು. ಅದರಲ್ಲಿ ಒಂದು ಹೊಡೆದರೆ ದೊಡ್ಡಮ್ಮನಿಗೆ ಊಟ. ಮಗಳು ಉಣ್ಣುವಾಗಲೇ ತಾನೂ ಉಣ್ಣಬೇಕು, ಅಷ್ಟೇ ಅವರ ಹಟ. ಆ ಮನೆಗೆ ಬಂದ ನೆಂಟರಿಗೆ ಬಸ್ಸು ಮಾತ್ರ ಯಾವತ್ತೂ ತಪ್ಪಲಿಲ್ಲ.

ಅಕ್ಕನ ಕಾಗದಗಳನ್ನು ಜಗಲಿಯಲ್ಲಿ ನಾನೇ ಓದುತ್ತಿದ್ದೆ. ಎಲ್ಲಿ ನೋಡಿದರೂ ಹಿಮದ ಬೆಟ್ಟ. ಬೇಸಗೆಯಲ್ಲಿ ಕುರಿಮಂದೆ ಹೊಡೆದುಕೊಂಡು ಮೇಲೇರುವ ಜನ, ಉಣ್ಣೆಯ ದುಂಡು ಗುಡಾರಗಳು. ಕುರಿ, ಕುದುರೆ, ಅಕ್ರೋಟು ಇವೇ ಅವರ ಬದುಕು. ಸಮುದ್ರವಿಲ್ಲ, ಚಳಿಗಾಲದಲ್ಲೂ ಹೆಪ್ಪುಗಟ್ಟದ ದೊಡ್ಡ ಸರೋವರ ಉಂಟಂತೆ. ಕುದುರೆ ಹಾಲನ್ನು ಹುಳಿ ಬರಿಸಿ ಕುಡಿಯುತ್ತಾರಂತೆ.

"ಅದನ್ನು ಮೆಲ್ಲ ಓದು, ಮಾವನಿಗೆ ಕೇಳುತ್ತದೆ," ಎಂದರು ದೊಡ್ಡಮ್ಮ.

ರೊಟ್ಟಿಯನ್ನು ಕವುಚಿ ಇಟ್ಟರೆ ಅಲ್ಲಿಯ ಅಜ್ಜಿಯರು ಗದರುತ್ತಾರೆ ಎಂದಾಗ ಅವರ ಮುಖ ಸಡಿಲಾಯಿತು. "ಅನ್ನಕ್ಕೆ ಮರ್ಯಾದೆ ಕೊಡುವ ಊರು, ಅಲ್ವಾ?" ಸಂಜೆ ದೀಪಸ್ತಂಭದ ಬಂಡೆಯ ಮೇಲೆ ಕುಳಿತರೆ ಅವರಿಗೆ ಕಡಲ ಮೇಲಿನ ಬಿಳಿ ಮೋಡವೆಲ್ಲ ಫ್ರುಂಜೆಯ ಬೆಟ್ಟ. ಪಕ್ಕದಲ್ಲಿದ್ದ ನನಗೂ ಒಮ್ಮೊಮ್ಮೆ ಹಾಗೇ ಕಾಣುತ್ತಿತ್ತು.

ಓದು ಮುಗಿಸಿ ಅಕ್ಕ ಬಂದೇ ಬಂದಳು. ಮೊದಲ ಮಧ್ಯಾಹ್ನ ಗಡಿಯಾರ ಒಂದು ಹೊಡೆಯಿತು. ದೊಡ್ಡಮ್ಮ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದರು. ಅಕ್ಕ ಕೈಗಡಿಯಾರ ನೋಡಿದಳು.

"ಇನ್ನೂ ಅರ್ಧ ಗಂಟೆ ಉಂಟಲ್ಲಮ್ಮ?"

"ಇದು ನಿನ್ನ ಊರಿನ ಗಂಟೆ. ನೀನು ಉಣ್ಣುವ ಹೊತ್ತಿಗೇ ನಾನೂ ಉಣ್ಣುತ್ತಿದ್ದದ್ದು."

ಅಕ್ಕ ಮಣಿಕಟ್ಟನ್ನು ಮುಂದೆ ಚಾಚಿದಳು. "ನಾನು ಈ ವಾಚನ್ನು ತಿರುಗಿಸಲೇ ಇಲ್ಲಮ್ಮ. ಕಾಪುವಿನಲ್ಲಿ ಒಂದು ಗಂಟೆಯಾದ ಮೇಲೆಯೇ ಉಣ್ಣುತ್ತಿದ್ದೆ. ನೀನು ಆಗ ಉಣ್ಣುತ್ತೀ ಅಂತ."

ನೋಡಿ, ಇಲ್ಲಿ ತಾಯಿ ಉಂಡು ಕೈ ತೊಳೆದ ಮೇಲೆ ಅಲ್ಲಿ ಮಗಳು ತಟ್ಟೆಯ ಮುಂದೆ ಕೂತಿದ್ದಾಳೆ. ಅಷ್ಟು ವರ್ಷ ಒಂದು ದಿನವೂ ಇಬ್ಬರೂ ಒಟ್ಟಿಗೆ ಉಂಡಿಲ್ಲ. ದೊಡ್ಡಮ್ಮ ಮಾತ್ರ ನಗತೊಡಗಿದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ.

"ಮನೆಯಲ್ಲಿದ್ದಾಗ ಕರೆದ ಕೂಡಲೇ ಊಟಕ್ಕೆ ಯಾವತ್ತು ಬಂದಿದ್ದೀ? ಯಾವಾಗಲೂ ಅರ್ಧ ಗಂಟೆ ತಡ. ನೀನು ನನ್ನ ಮಗಳೇ, ಎಂತದೂ ಬದಲಾಗಲಿಲ್ಲ!"

ಊಟವಾದ ಮೇಲೆ ಅಕ್ಕ ಪೆಟ್ಟಿಗೆ ತೆರೆದು ಒಣ ಆಪ್ರಿಕಾಟನ್ನು ತಟ್ಟೆಗೆ ಸುರಿದಳು. ಮನೆಯಿಡೀ ಇದೇ ವಾಸನೆ.

ದೊಡ್ಡಮ್ಮ ಈಗಿಲ್ಲ. ಅಕ್ಕ ಕಾರ್ಕಳದಲ್ಲಿದ್ದಾಳೆ. "ಅಜ್ಜಿ, ಈ ಗಡಿಯಾರ ಫಾಸ್ಟ್ ಉಂಟು," ಎಂದು ಮೊಮ್ಮಗಳು ಸ್ಟೂಲು ಹತ್ತಿದಳು. ಸರಿಮಾಡಿಸಬೇಕೆಂದು ನಾನೂ ಎಷ್ಟೋ ಸಲ ಅಂದುಕೊಂಡದ್ದೇ. ಇವತ್ತು ಬೇಡವೆಂದೆ. ಅಷ್ಟರಲ್ಲಿ ಅದು ಒಂದು ಹೊಡೆಯಿತು. ಅಕ್ಕನಿಗೆ ಫೋನು ಮಾಡಿದೆ.

"ಊಟ ಆಯ್ತಾ ಅಕ್ಕ?"

"ಎಲ್ಲಿ, ಇನ್ನೂ ಅರ್ಧ ಗಂಟೆ ಉಂಟು. ನೀನು ಉಣ್ಣು."

"ಇಲ್ಲ," ಎಂದೆ, "ಇವತ್ತು ಕಾಯುತ್ತೇನೆ."